ತೆಳುಚಿನ್ನದ ಬೋರ್ಡಿನ ಮೇಲೆ ಅಲ್ಯೂಮಿನಿಯಂ ತಂತಿ: ನನ್ನ ಅನುಭವ

ಎನಿಗ್ ಲೇಪನದ (ನಿಕ್ಕಲ್, ಅದರ ಮೇಲೆ ತೆಳುಚಿನ್ನ) ಸಾಧಾರಣ ಬೋರ್ಡಿನ ಮೇಲೆ, ಅದೂ ಕೈಯಿಂದ ನಡೆಸುವ ಹಳೆಯ ಯಂತ್ರದಲ್ಲಿ, ತಂತಿ ಬಾಂಡಿಂಗ್ (ಚಿಪ್ಪನ್ನು ಬೋರ್ಡಿಗೆ ಸಣ್ಣ ತಂತಿಯಿಂದ ಜೋಡಿಸುವುದು) ನಿಲ್ಲುವುದಿಲ್ಲವೆಂದು ಪೀಣ್ಯದ ನಮ್ಮ ಬಳಗದವರೆಲ್ಲ ಹೇಳುತ್ತಿದ್ದರು. ಈ ವರ್ಷ ನಾನು ಕಳುಹಿಸಿದ ಸುಮಾರು ಇನ್ನೂರು ಸೆನ್ಸರ್ ಬೋರ್ಡುಗಳಲ್ಲಿ ತಂತಿ ಬಿಟ್ಟಿತೆಂದು ಒಂದೂ ಹಿಂದಿರುಗಿಲ್ಲ.

ಮೊದಲ ಎಂಟು ತಿಂಗಳು ಚಿನ್ನದ ತಂತಿಯನ್ನೇ ನೆಚ್ಚಿಕೊಂಡು ಕೆಟ್ಟೆ. 25 ಮೈಕ್ರಾನ್ ತಂತಿಯ ನೂರು ಮೀಟರ್ ಸುರುಳಿಯಲ್ಲಿ ಒಂದು ಗ್ರಾಂ ಚಿನ್ನವೂ ಇರುವುದಿಲ್ಲ. ಆದರೂ ಅದಕ್ಕೆ ನನಗೆ ಹದಿನೆಂಟು ಸಾವಿರ ರೂಪಾಯಿಯಷ್ಟು ಖರ್ಚಾಯಿತು. ಚಿಪ್ ಮೇಲಿನ ಗುಂಡು, ಅಂದರೆ ತಂತಿಯ ತುದಿ ಕರಗಿಸಿ ಒತ್ತುವ ಮೊದಲ ಬಾಂಡ್, ಚೆನ್ನಾಗಿ ಕೂರುತ್ತಿತ್ತು, ಬೋರ್ಡಿನ ಕಡೆಯ ಎರಡನೆಯ ಬಾಂಡ್ ಮಾತ್ರ ಚಿಮಟದ ತುದಿ ಸೋಕಿದರೆ ಸಾಕು, ಎದ್ದು ಬರುತ್ತಿತ್ತು. ನಿಕ್ಕಲ್ ಮೇಲಿನ ಚಿನ್ನ 0.05 ಮೈಕ್ರಾನಿನ ಆಸುಪಾಸಿನಲ್ಲಿದ್ದರೆ ಚಿನ್ನದ ತಂತಿಗೆ ಅದು ಸಾಲದು. ಶಾಖವನ್ನು 150 ಡಿಗ್ರಿಗೆ ಏರಿಸಿದಾಗ ಎಫ್‌ಆರ್-4 (ಗಾಜಿನ ನಾರು ಮತ್ತು ಎಪಾಕ್ಸಿಯ) ಬೋರ್ಡು ಮೆತ್ತಗಾಗಿ ಅಲ್ಟ್ರಾಸಾನಿಕ್ ಕಂಪನವನ್ನೆಲ್ಲ ತಾನೇ ನುಂಗಿತು. ಪವರ್ ಹೆಚ್ಚಿಸಿದಾಗ ಚಿಪ್ಪಿನ ಪ್ಯಾಡಿನಡಿಯ (ತಂತಿ ಕೂರುವ ಲೋಹದ ಜಾಗದಡಿಯ) ಸಿಲಿಕಾನ್ ಸಿಡಿದು ಕುಳಿ ಬಿದ್ದು, ಮೂವತ್ತರಷ್ಟು ಚಿಪ್ ಹಾಳಾದವು.

ಆಮೇಲೆ ಒಂದು ಶೇಕಡಾ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ತಂತಿಗೆ, ವೆಡ್ಜ್ ಬಾಂಡಿಂಗ್‌ಗೆ ಬಂದೆ; ಇದರಲ್ಲಿ ಗುಂಡಿಲ್ಲ, ವೆಡ್ಜ್ ಎಂಬ ಬೆಣೆಯಂತಹ ಉಪಕರಣ ತಂತಿಯನ್ನು ಒತ್ತಿ ಕಂಪಿಸಿ ಅಂಟಿಸುತ್ತದೆ. ಇದಕ್ಕೆ ಶಾಖವೇ ಬೇಡ. ತಂತಿಯು ತೆಳುಚಿನ್ನವನ್ನು ದಾಟಿ ಕೆಳಗಿನ ನಿಕ್ಕಲ್‌ಗೇ ಅಂಟುತ್ತದೆ. "ಚಿನ್ನವೇ ನಿಲ್ಲದ ಕಡೆ ಅಲ್ಯೂಮಿನಿಯಂ ನಿಂತೀತೇ?" ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು, ಮೊದಲ ವಾರ ಅವರ ಮಾತೇ ನಿಜವಾಗುವಂತಿತ್ತು. ಒಂದು ಸಂಜೆ ಮೈಕ್ರೋಸ್ಕೋಪನ್ನು ಪ್ಯಾಡಿನ ಬದಲು ಬೋರ್ಡಿನ ಅಂಚಿಗೆ ಹೊಂದಿಸಿ ನೋಡಿದಾಗ, ವೆಡ್ಜ್ ಇಳಿದ ಕ್ಷಣ ಆ ಅಂಚು ತುಸು ತಗ್ಗಿ ಮತ್ತೆ ಮೇಲೇಳುವುದು ಕಂಡಿತು. ಬೋರ್ಡನ್ನು ಹಿಡಿದಿಡಲು ನಾನು ಬಳಸುತ್ತಿದ್ದ ಎರಡು ಬದಿಯ ಟೇಪೇ ಸ್ಪ್ರಿಂಗಿನಂತೆ ವರ್ತಿಸುತ್ತಿತ್ತು! ಟೇಪನ್ನು ಕಿತ್ತು, ದಪ್ಪ ಲೋಹದ ಹಲಗೆಗೆ ರಂಧ್ರ ಕೊರೆಸಿ, ನಿರ್ವಾತದ ಹಿಡಿತ ಕೊಟ್ಟು, ಎರಡು ಬದಿಯಿಂದ ಸ್ಕ್ರೂ ಬಿಗಿದೆ. ಎರಡೂವರೆ ಸಾವಿರ ರೂಪಾಯಿಯ ಈ ಹಲಗೆ ಮಾಡಿದ ಕೆಲಸವನ್ನು ಅದುವರೆಗೆ ಸುರಿದ ಲಕ್ಷ ರೂಪಾಯಿ ಮಾಡಿರಲಿಲ್ಲ.

ನಡುವೆ ಪ್ಯಾಡ್ ಶುಚಿಗೊಳಿಸುವ ಪ್ರಯೋಗವನ್ನೂ ಮಾಡಿದೆ. ಬಾಡಿಗೆಗೆ ಆರ್ಗಾನ್ ಪ್ಲಾಸ್ಮಾ ಹಾಯಿಸಿದ ಬೋರ್ಡುಗಳನ್ನೂ, ರಬ್ಬರಿನಿಂದ ಹಗುರವಾಗಿ ಉಜ್ಜಿ ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲಿನಿಂದ) ಒರೆಸಿದ ಬೋರ್ಡುಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಂತಿಗಳನ್ನು ಎಳೆದು ನೋಡಿದಾಗ, ಅದೇ ದಿನ ಬಾಂಡ್ ಮಾಡಿದರೆ ಅಂತಹ ವ್ಯತ್ಯಾಸವೇನೂ ಇರಲಿಲ್ಲ. ಆದರೆ ಮಳೆಗಾಲದಲ್ಲಿ ಒಂದು ವಾರ ತೆರೆದಿಟ್ಟ ಬೋರ್ಡುಗಳಿಗೆ ರಬ್ಬರು ಸಾಲಲಿಲ್ಲ.

ಈಗ ತಂತಿ ಕಡಿಯುವವರೆಗೆ ಕೊಕ್ಕೆಯಿಂದ ಎಳೆಯುವ ಎಳೆತ ಪರೀಕ್ಷೆಯಲ್ಲಿ ಏಳರಿಂದ ಒಂಬತ್ತು ಗ್ರಾಂ ಬರುತ್ತಿದೆ. 25 ಮೈಕ್ರಾನ್ ಅಲ್ಯೂಮಿನಿಯಂಗೆ ಅಮೆರಿಕದ ಸೇನಾ ಮಾನದಂಡ ಮಿಲ್-ಸ್ಟ್ಯಾಂಡರ್ಡ್ 883 ಬೇಡುವುದು ಎರಡೂವರೆ ಗ್ರಾಂ. ಅದಕ್ಕಿಂತ ಮುಖ್ಯವಾಗಿ, ತಂತಿ ಹಿಮ್ಮಡಿಯಲ್ಲಿ (ಬಾಂಡಿನಿಂದ ತಂತಿ ಮೇಲೇಳುವ ಕಡೆ) ತುಂಡಾಗುತ್ತದೆಯೇ ಹೊರತು ಪ್ಯಾಡಿನಿಂದ ಎದ್ದು ಬರುವುದಿಲ್ಲ. ಚಪ್ಪಟೆಯಾದ ಭಾಗದ ಅಗಲ ತಂತಿಯ ಒಂದೂವರೆ ಪಟ್ಟಿನ ಸುತ್ತಮುತ್ತ ಇರುವಂತೆ ನೋಡಿಕೊಳ್ಳಿ. ಎರಡು ಪಟ್ಟಾದರೆ ಹಿಮ್ಮಡಿ ತೆಳುವಾಗಿ ಬಿರುಕು ಬಿಡುತ್ತದೆ. ಬೋರ್ಡಿನ ಬಾಂಡ್‌ಗೆ ನಾನು ಕೊಡುವ ಪವರ್ ಮತ್ತು ಸಮಯದ ಅಂಕಿಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅವುಗಳಿಗಾಗಿ ಎರಡು ಮಳೆಗಾಲ ತೆತ್ತಿದ್ದೇನೆ.

ವೆಡ್ಜಿನ ತುದಿಯಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡಾಗ ಸೂಜಿಯಿಂದ ಕೆರೆಯಬೇಡಿ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟು ಚೆನ್ನಾಗಿ ತೊಳೆದರೆ ಅದು ಕರಗಿ ಹೋಗುತ್ತದೆ. ಕೆರೆದು ನಾನು ಕೆಡಿಸಿಕೊಂಡ ವೆಡ್ಜುಗಳು ಮೂರು.