ವಯಸ್ಸಾದವರ ಮ್ಯಾಕುಲಾಕ್ಕೆ ಒಸಿಟಿ ತೆಗೆಯುವುದು ಹೇಗೆ, ಓದುವುದು ಹೇಗೆ

ಒಸಿಟಿ ಎಂದರೆ ಬೆಳಕಿನಿಂದ ರೆಟಿನಾದ (ಕಣ್ಣಿನ ಹಿಂಪರದೆಯ) ಪದರಗಳ ಅಡ್ಡಸೀಳು ಚಿತ್ರ ತೆಗೆಯುವ ಪರೀಕ್ಷೆ; ಮ್ಯಾಕುಲಾ ಎಂದರೆ ರೆಟಿನಾದ ನಡುಭಾಗ. ಎಎಮ್‌ಡಿ (ವಯಸ್ಸಾದಂತೆ ಮ್ಯಾಕುಲಾ ಕೆಡುವ ರೋಗ) ಅನುಮಾನದ ರೋಗಿಗೆ ಪಾಪೆ ಹಿಗ್ಗಿಸುವ ಹನಿ ಹಾಕುವ ಮುಂಚೆಯೇ ದೃಷ್ಟಿ ಅಳೆದು, ಒಂದೊಂದೇ ಕಣ್ಣಿಗೆ ಆಮ್ಸ್ಲರ್ ಚೌಕಳಿ (ನೇರ ಗೆರೆಗಳ ಚೌಕಗಳಿರುವ ಚೀಟಿ) ತೋರಿಸಿ. ಗೆರೆ ಎಲ್ಲಿ ಸೊಟ್ಟ ಕಾಣುತ್ತದೆಂದು ಚೀಟಿಯ ಮೇಲೆ ಅವರಿಂದಲೇ ಗುರುತು ಹಾಕಿಸಿ. ಪಾಪೆ ಹಿಗ್ಗಿದ ಮೇಲೆ ಈ ಎರಡನ್ನೂ ನಂಬುವಂತಿಲ್ಲ.

ಟ್ರೋಪಿಕಮೈಡ್ 0.8%, ಫಿನೈಲೆಫ್ರಿನ್ 5% ಸೇರಿದ ಹನಿ ನಮ್ಮಲ್ಲಿ ಬಳಕೆಯಲ್ಲಿದೆ. ಕಣ್ಣಿನ ಮುಂಕೋನ ಕಿರಿದಾಗಿದೆಯೇ ಎಂದು ಟಾರ್ಚ್ ಹಿಡಿದಾದರೂ ನೋಡದೆ ಹಾಕಬೇಡಿ. ಬಿಪಿ ಜಾಸ್ತಿ ಇದ್ದರೆ, ಹೃದಯದ ತೊಂದರೆ ಇದ್ದರೆ ಬರೀ ಟ್ರೋಪಿಕಮೈಡ್ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಹಿಗ್ಗಲು 20–30 ನಿಮಿಷ ಬೇಕು.

ತೆಗೆಯುವ ಕ್ರಮ ಹೀಗಿರಲಿ: ಬಣ್ಣದ ಫಂಡಸ್ (ಕಣ್ಣಿನ ಒಳಹಿಂಭಾಗದ) ಫೋಟೊ, ಆಟೊಫ್ಲೋರೊಸೆನ್ಸ್ (ಬಣ್ಣ ಕೊಡದೆ ರೆಟಿನಾ ತಾನಾಗಿ ಸೂಸುವ ಹೊಳಪಿನ ಚಿತ್ರ), ಒಸಿಟಿ, ಬೇಕೆಂದರೆ ಕೊನೆಗೆ ಆಂಜಿಯೋಗ್ರಾಮ್ (ರಕ್ತಕ್ಕೆ ಬಣ್ಣ ಕೊಟ್ಟು ತೆಗೆಯುವ ರಕ್ತನಾಳದ ಚಿತ್ರ). ಫ್ಲೋರೊಸಿನ್ ಬಣ್ಣ ಒಮ್ಮೆ ರಕ್ತಕ್ಕೆ ಹೋದರೆ ಆ ದಿನ ಆಟೊಫ್ಲೋರೊಸೆನ್ಸ್ ಹಾಳಾದಂತೆಯೇ.

ಒಸಿಟಿಯಲ್ಲಿ ಗಲ್ಲ ಒರಗುಪಟ್ಟಿಗೆ ಕೂತಿರಬೇಕು, ಹಣೆ ಮುಂದಿನ ಪಟ್ಟಿಗೆ ಒತ್ತಿರಬೇಕು. ಹಣೆ ಹಿಂದೆ ಸರಿದಂತೆಲ್ಲ ಚಿತ್ರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಮ್ಯಾಕುಲಾ ಕೆಟ್ಟವರಿಗೆ ಯಂತ್ರದೊಳಗೆ ದಿಟ್ಟಿಸಬೇಕಾದ ಗುರುತೇ ಕಾಣದು. “ಅಜ್ಜಿ, ನೇರ ನೋಡಿ” ಎಂದು ಎಷ್ಟು ಸಲ ಹೇಳಿದರೂ ಕಣ್ಣು ಅಲೆಯುತ್ತಲೇ ಇರುತ್ತದೆ. ಆಗ ಯಂತ್ರದ ಹೊರಗಿನ ದೀಪವನ್ನು ಇನ್ನೊಂದು ಕಣ್ಣಿನಿಂದ ದಿಟ್ಟಿಸಲು ಹಿಡಿಯಿರಿ. ಚಿತ್ರ ಮಂಕಾದರೆ ಒಂದು ಹನಿ ಕೃತಕ ಕಣ್ಣೀರು ಹಾಕಿ ಎರಡು ಸಲ ಕಣ್ಣು ಮಿಟುಕಿಸಲು ಹೇಳಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಪೊರೆ ಬಂದಿದ್ದರೆ ಕಿರಣವನ್ನು ಪಾಪೆಯೊಳಗೆ ಸ್ವಲ್ಪ ಅತ್ತಿತ್ತ ಸರಿಸಿ ತಿಳಿ ಜಾಗ ಹುಡುಕಿ. ತೀರಾ ಬದಿಗೆ ಹೋದರೆ ರೆಟಿನಾ ಓರೆಯಾಗಿ ಕಾಣುತ್ತದೆ.

ಸ್ಕ್ಯಾನ್ ಗೆರೆಗಳ (ಒಂದೊಂದೂ ಒಂದು ಅಡ್ಡಸೀಳು ಚಿತ್ರ) ಸಂಖ್ಯೆಯಲ್ಲಿ ಜಿಪುಣತನ ಬೇಡ. 6 ಮಿ.ಮೀ. ಜಾಗಕ್ಕೆ 25 ಗೆರೆ ಹಾಕಿದರೆ ಎರಡರ ನಡುವೆ ಸುಮಾರು 240 ಮೈಕ್ರಾನ್ ಖಾಲಿ ಉಳಿಯುತ್ತದೆ, ಸಣ್ಣ ನೀರಿನ ಗುಳ್ಳೆಗೆ ಅಡಗಲು ಅಷ್ಟು ಸಾಕು. 49 ಗೆರೆಯಾದರೆ ಅದು ಅರ್ಧಕ್ಕೆ ಇಳಿಯುತ್ತದೆ.

ಪ್ರಿಂಟ್ ತೆಗೆದು ದಪ್ಪ ತೋರಿಸುವ ಬಣ್ಣದ ನಕ್ಷೆ ಹಸಿರಿದೆ, ಎಲ್ಲ ಸರಿಯಿದೆ ಎಂದು ಕಡತಕ್ಕೆ ಸೇರಿಸುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು. ಆ ನಕ್ಷೆ ಯಂತ್ರ ತಾನೇ ಎಳೆದುಕೊಂಡ ಎರಡು ಗಡಿಗೆರೆಗಳ ನಡುವಿನ ದಪ್ಪ, ಅಷ್ಟೆ. ಆರ್‌ಪಿಇ (ರೆಟಿನಾದ ತಳದ ಬಣ್ಣಕೋಶಗಳ) ಪದರ ಉಬ್ಬಿದ ಕಡೆ ಕೆಳಗಿನ ಗೆರೆ ದಾರಿ ತಪ್ಪುತ್ತದೆ, ದಪ್ಪವೂ ಸುಳ್ಳಾಗುತ್ತದೆ. ಒಂದೊಂದೇ ಗೆರೆಯನ್ನು ಸರಿಸುತ್ತ ನೋಡಿ, ತಪ್ಪಿದ ಗಡಿಯನ್ನು ಕೈಯಿಂದಲೇ ಎಳೆದು ಸರಿಪಡಿಸಿ.

ಆರ್‌ಪಿಇ ಕೆಳಗಿನ ಗುಡ್ಡೆಗಳು ಡ್ರೂಸನ್. ಫಂಡಸ್ ಫೋಟೊದಲ್ಲಿ 125 ಮೈಕ್ರಾನ್ ಮೀರಿದವನ್ನು ದೊಡ್ಡವೆಂದು ಎಣಿಸಿ. ರೆಟಿನಾ ಒಳಗೋ ಕೆಳಗೋ ಕಪ್ಪು ಜಾಗವಿದ್ದರೆ ನೀರು, ಅಂದರೆ ಒದ್ದೆ ಎಎಮ್‌ಡಿ (ಹೊಸ ರಕ್ತನಾಳ ಬೆಳೆದು ಸೋರುವ ಬಗೆ) ಶಂಕೆ. ಅದೇ ದಿನ ರೆಟಿನಾ ತಜ್ಞರಿಗೆ ತೋರಿಸಿ. ಆದರೆ ಹಳೆಯ ಗಾಯದ ಪಕ್ಕ, ಬಿಳಿ ಅಂಚಿನ ದುಂಡು ಕಪ್ಪು ಕಂಡರೆ ನಿಧಾನಿಸಿ. ಹೊರ ಪದರ ಸುರುಳಿಗಟ್ಟಿದ ಕೊಳವೆಯೂ ಹಾಗೇ ಕಾಣುತ್ತದೆ, ಒದ್ದೆ ಬಗೆಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ನಿಗೆ ಅದು ಕರಗುವುದಿಲ್ಲ. ಒಣ ಬಗೆಯಲ್ಲಿ ಆರ್‌ಪಿಇ ಸತ್ತ ಜಾಗದಲ್ಲಿ ಬೆಳಕು ಕೆಳಗಿನ ಕೋರಾಯ್ಡ್‌ಗೆ (ರಕ್ತನಾಳಗಳ ಪದರಕ್ಕೆ) ನುಗ್ಗಿ ಬಿಳಿ ಪಟ್ಟೆ ಮೂಡುತ್ತದೆ. ಆಟೊಫ್ಲೋರೊಸೆನ್ಸ್‌ನಲ್ಲಿ ಅದೇ ಜಾಗ ಕಪ್ಪು.

ಕಿತ್ತಳೆ ಬಣ್ಣದ ಗಂಟು, ಚೂಪಾಗಿ ಎದ್ದ ಪಿಇಡಿ (ಆರ್‌ಪಿಇ ಕಳಚಿ ಎದ್ದ ಉಬ್ಬು), ರಕ್ತ ಇದ್ದರೆ ಪಿಸಿವಿ (ಕೋರಾಯ್ಡ್ ರಕ್ತನಾಳಗಳು ಗಂಟುಗಂಟಾಗಿ ಉಬ್ಬುವ ರೋಗ) ಇರಬಹುದು. ಏಷ್ಯಾದವರಲ್ಲಿ ಇದು ಹೆಚ್ಚು. ಐಸಿಜಿ (ಇಂಡೋಸಯನಿನ್ ಗ್ರೀನ್ ಬಣ್ಣದ) ಆಂಜಿಯೋಗ್ರಾಮ್ ಇಲ್ಲಿ ಉತ್ತರ ಕೊಡುತ್ತದೆ. ಅಯೋಡಿನ್ ಅಲರ್ಜಿ ಇದೆಯೇ ಎಂದು ಮೊದಲೇ ಕೇಳಿ. ಫ್ಲೋರೊಸಿನ್ ಆದರೆ 10% ದ್ರಾವಣ 5 ಮಿ.ಲೀ.; ಸಲೈನ್ ಬಿಟ್ಟು ಸೂಜಿ ರಕ್ತನಾಳದಲ್ಲೇ ಇದೆಯೆಂದು ಖಚಿತವಾದ ಮೇಲೆಯೇ ಕೊಡಿ, ಅಡ್ರಿನಲಿನ್ ಪಕ್ಕದಲ್ಲಿರಲಿ. ವಾಕರಿಕೆ ಬರಬಹುದು, ಮೂತ್ರ ಒಂದು ದಿನ ಹಳದಿಯಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿಬಿಡಿ.

ಮುಂದಿನ ಸಲವೂ ಅದೇ ಯಂತ್ರದಲ್ಲಿ, ಹಿಂದಿನ ಸ್ಕ್ಯಾನನ್ನು ಆಧಾರವಾಗಿಟ್ಟು ಫಾಲೋ-ಅಪ್ ಮೋಡ್‌ನಲ್ಲಿ ತೆಗೆಯಿರಿ. ಒಂದು ಕಂಪನಿಯ ಯಂತ್ರದ ದಪ್ಪವನ್ನು ಇನ್ನೊಂದರ ಅಂಕಿಗೆ ಹೋಲಿಸಲಾಗದು, ಏಕೆಂದರೆ ಕೆಳಗಡಿಯನ್ನು ಎಲ್ಲವೂ ಒಂದೇ ಪದರಕ್ಕೆ ಎಳೆಯುವುದಿಲ್ಲ.