590 ರೂಪಾಯಿಗೆ ಔಟ್‌ಟರ್ನ್ ಎಷ್ಟು?

ಕಾಫಿ ತೋಟದ ಮಳೆ ಲೆಕ್ಕ ಮತ್ತು ಕೆಲಸಗಾರರ ಚೆಕ್‌ರೋಲ್ (ಹಾಜರಿ, ಕೂಲಿಯ ಪುಸ್ತಕ) ಬರೆದಿಡುವ ಆ್ಯಪ್ ಒಂದನ್ನು ಚಿಕ್ಕಮಗಳೂರಿನ ಮನೆಯಲ್ಲೇ ಕೂತು ಮಾಡಿದೆ. ಮಳೆಯನ್ನು ಇಂಚು, ಇಂಚಿನ ನೂರನೇ ಒಂದು ಭಾಗವಾದ ಸೆಂಟ್ಸ್‌ನಲ್ಲೇ ಬರೆಯಬಹುದು. ನಮ್ಮ ಬೆಳೆಗಾರರಿಗೆ ಅದೇ ರೂಢಿ. 2023ರಲ್ಲಿ ಪ್ಲೇ ಸ್ಟೋರ್‌ಗೆ ಒಂದೇ ಸಲದ 25 ಡಾಲರ್ ಕಟ್ಟಿ, ತಿಂಗಳಿಗೆ 59 ರೂಪಾಯಿ ಚಂದಾ ಇಟ್ಟೆ.

ತಿಂಗಳ ಲೆಕ್ಕ ಇಟ್ಟಿದ್ದೇ ತಪ್ಪಾಯಿತು. ಬೆಳೆಗಾರರ ಕೈಗೆ ದುಡ್ಡು ಬರುವುದು ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ. ಜುಲೈ ಹೊತ್ತಿಗೆ, ಮಳೆ ಲೆಕ್ಕ ನಿಜವಾಗಿ ಬೇಕಾದಾಗಲೇ, ಒಬ್ಬೊಬ್ಬರಾಗಿ ನಿಲ್ಲಿಸಿದರು. ಹಾಗಾಗಿ ವರ್ಷಕ್ಕೆ 590 ಮಾಡಿದೆ.

ಆಲ್ದೂರಿನ ಹಿರಿಯ ಬೆಳೆಗಾರರೊಬ್ಬರು ಫೋನ್ ಮಾಡಿ, "ಏನ್ ಮಾರಾಯ, ಮಳೆ ಬರೆಯೋಕೆ ಆರುನೂರು ರೂಪಾಯಾ?" ಎಂದರು. ಅವರ ಮನೆಗೇ ಹೋಗಿ ಲೆಕ್ಕ ಬಿಡಿಸಿದೆ. 590ರಲ್ಲಿ ಶೇ. 18ರ ಜಿಎಸ್‌ಟಿಯೇ 90. ಉಳಿದ 500ರಲ್ಲಿ ಗೂಗಲ್‌ಗೆ ಶೇ. 15, ಅಂದರೆ 75. ನನಗೆ 425. 2021ಕ್ಕೆ ಮೊದಲಾಗಿದ್ದರೆ ಚಂದಾದ ಮೊದಲ ವರ್ಷ ಶೇ. 30 ಹೋಗಿ 350 ಮಾತ್ರ ಉಳಿಯುತ್ತಿತ್ತು.

"ಹಂಗಾದ್ರೆ ಔಟ್‌ಟರ್ನ್ ಎಷ್ಟು ಬಿತ್ತು?" ಎಂದು ಕೇಳಿದರು. 50 ಕೆ.ಜಿ. ಚೆರ್ರಿಯಿಂದ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನಿಂದ, ಎಷ್ಟು ಕೆ.ಜಿ. ಬೀಜ ಸಿಕ್ಕಿತು ಎನ್ನುವ ಲೆಕ್ಕ ಅದು. 590ನ್ನು 50ಕ್ಕೆ ಇಳಿಸಿದರೆ ನನ್ನ 425 ಅಂದರೆ 36. "ನಮ್ಮ ರೊಬಸ್ಟಾ ಚೆರ್ರಿಗೆ 26, 27 ಬರುತ್ತೆ. ಅಡ್ಡಿಲ್ಲ ಬಿಡು" ಎಂದು ಅಲ್ಲೇ ಕಟ್ಟಿದರು. ಮಾರನೇ ದಿನವೇ ದುಡ್ಡು ಕಟ್ಟುವ ಪುಟದಲ್ಲಿ ಈ ಲೆಕ್ಕ ಹಾಕಿದೆ. ಕೊಡುವವರಿಗೆ ತಮ್ಮ ದುಡ್ಡು ಎಲ್ಲಿ ಹೋಗುತ್ತದೆ ಎಂದು ತಿಳಿಯಲೇಬೇಕು.

ಗೂಗಲ್ ಜೊತೆಗೆ ಬೇರೆ ಪಾವತಿ ದಾರಿಯನ್ನೂ ಕೊಡು, ಕಮಿಷನ್ ಇಳಿಯುತ್ತದೆ ಎಂದು ಗೆಳೆಯರು ಹೇಳಿದ್ದರು. ನಿಜ, ಆ ದಾರಿಯಲ್ಲಿ ಕಟ್ಟಿದವರ ಮೇಲೆ ಶೇ. 4 ಇಳಿಯುತ್ತದೆ, 500ಕ್ಕೆ 20 ರೂಪಾಯಿ. ಆದರೆ ನಾನು ವಿಚಾರಿಸಿದ ಪಾವತಿ ಗೇಟ್‌ವೇಯವರು 590ರ ಮೇಲೆ ಶೇ. 2, ಅದರ ಮೇಲೆ ಜಿಎಸ್‌ಟಿ ಕೇಳಿದರು. ಹತ್ತಿರ ಹತ್ತಿರ 14 ರೂಪಾಯಿ. ಉಳಿಯುವ ಆರು ರೂಪಾಯಿಗೆ ಎರಡು ಕಡೆ ಲೆಕ್ಕ ಇಡುವ, ರೀಫಂಡ್ ನೋಡಿಕೊಳ್ಳುವ ಕೆಲಸ ಒಬ್ಬನ ಕೈಲಾಗದು. ಬಿಟ್ಟೆ.

ಆ್ಯಪಲ್‌ಗೆ ಇನ್ನೂ ಹಾಕಿಲ್ಲ. ಸಣ್ಣ ಡೆವಲಪರ್‌ಗಳು ಅರ್ಜಿ ಹಾಕಿಕೊಂಡರೆ ಅಲ್ಲೂ ಶೇ. 15ರ ದರ ಸಿಗುತ್ತದೆ. ಆದರೆ ಪ್ರತಿ ವರ್ಷ 99 ಡಾಲರ್ ಕಟ್ಟಬೇಕು. ಸುಮಾರು 20 ಚಂದಾದಾರರ ದುಡ್ಡು ಅದಕ್ಕೇ ಹೋಗುತ್ತದೆ. ಐಫೋನ್ ಇರುವ 11 ಜನ ಇಲ್ಲಿಯವರೆಗೆ ಕೇಳಿದ್ದಾರೆ. ಅವರ ಹೆಸರು ಬರೆದಿಟ್ಟುಕೊಂಡಿದ್ದೇನೆ. 20 ಆದ ದಿನ ಕಟ್ಟುತ್ತೇನೆ.