ಅರ್ಧರ್ಧ ಹಂಚಿದರೆ ಕೆಟ್ಟಿತು: ಮನೆಯ ಎರಡು ಕಂಪ್ಯೂಟರುಗಳಲ್ಲಿ ವಿಡಿಯೊ ಎನ್‌ಕೋಡಿಂಗ್

ಒಂದು ಗಂಟೆಯ ಮಿನಿ ಡಿವಿ (ಹಳೆಯ ಹ್ಯಾಂಡಿಕ್ಯಾಮುಗಳ ಡಿಜಿಟಲ್ ವಿಡಿಯೊ) ಟೇಪನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ ಆಗುತ್ತದೆ. ಮದುವೆ, ಮುಂಜಿ, ಗೃಹಪ್ರವೇಶ ಅಂತ ಬೀರುವಿನಲ್ಲಿ 20 ಟೇಪ್ ಇದ್ದರೆ 260 ಜಿಬಿ. ಇವನ್ನು ಎಚ್.264 ಎಂಬ, ಕಡಿಮೆ ಜಾಗ ಹಿಡಿಯುವ ವಿಡಿಯೊ ವಿಧಾನಕ್ಕೆ ಬದಲಾಯಿಸುವ ಕೆಲಸವನ್ನು ನಾನು ಒಂದು ಹೊಸ, ಒಂದು ಹಳೆಯ ಲಿನಕ್ಸ್ ಯಂತ್ರಗಳಿಗೆ ಹಂಚುತ್ತೇನೆ. ಎರಡರಲ್ಲೂ ವಿಡಿಯೊ ಕತ್ತರಿಸುವ, ಬದಲಾಯಿಸುವ ಎಫ್‌ಎಫ್‌ಎಂಪೆಗ್ ಇದೆ, ಎನ್‌ಕೋಡಿಂಗಿಗೆ ಬೇರೆ ಸಾಫ್ಟ್‌ವೇರ್ ಏನೂ ಬೇಡ.

ಮೊದಲು ಲೆಕ್ಕ. ಒಂದು ಗಂಟೆ ಎಂದರೆ ಸೆಕೆಂಡಿಗೆ 25ರಂತೆ 90,000 ಫ್ರೇಮು. ಹೊಸ ಯಂತ್ರ ಸೆಕೆಂಡಿಗೆ 60 ಫ್ರೇಮು ಮುಗಿಸುತ್ತದೆ, ಹಳೆಯದು 20 ಅಂದುಕೊಳ್ಳಿ. ಹೊಸದೊಂದೇ ಮಾಡಿದರೆ 25 ನಿಮಿಷ. ಸಮಪಾಲು ಎಂದು ಎರಡಕ್ಕೂ 45,000 ಕೊಟ್ಟರೆ ಹೊಸದು ಹನ್ನೆರಡೂವರೆ ನಿಮಿಷಕ್ಕೆ ಮುಗಿಸಿ ಸುಮ್ಮನೆ ಕೂರುತ್ತದೆ, ಹಳೆಯದು ಮುಗಿಸುವ ಹೊತ್ತಿಗೆ ಮೂವತ್ತೇಳೂವರೆ ನಿಮಿಷ! ಸಹಾಯಕ್ಕೆ ಬಂದವನಿಂದ ಕೆಲಸ ಇನ್ನೂ ತಡ. ಅದೇ ವಿಡಿಯೊವನ್ನು ಸಣ್ಣ ತುಂಡು ಮಾಡಿ ಒಂದೆಡೆ ಇಟ್ಟು, ಕೈ ಖಾಲಿಯಾದ ಯಂತ್ರ ಮುಂದಿನ ತುಂಡು ಎತ್ತಿಕೊಳ್ಳಲಿ ಎಂದು ಬಿಟ್ಟರೆ ಸುಮಾರು 19 ನಿಮಿಷ. ಯಾವ ಯಂತ್ರ ಎಷ್ಟು ವೇಗ ಎಂದು ನಾವು ಅಳೆಯುವುದೂ ಬೇಡ.

ತುಂಡಿನ ಉದ್ದ 60 ಸೆಕೆಂಡು ಸಾಕು. 5 ನಿಮಿಷದ ತುಂಡು ಮಾಡಿದರೆ, ಕಡೆಯದು ಹಳೆಯ ಯಂತ್ರದ ಪಾಲಿಗೆ ಬಂದಾಗ 7,500 ಫ್ರೇಮಿಗೆ 6 ನಿಮಿಷಕ್ಕೂ ಹೆಚ್ಚು ಕಾಯಬೇಕು. 60 ಸೆಕೆಂಡಿನದಾದರೆ ಒಂದೂಕಾಲು ನಿಮಿಷ.

ಡಿವಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಎಲ್ಲಿ ಬೇಕಾದರೂ ಕತ್ತರಿಸಬಹುದು. ಎಫ್‌ಎಫ್‌ಎಂಪೆಗ್‌ನ ಸೆಗ್ಮೆಂಟ್ ಆಯ್ಕೆಯನ್ನು ಕಾಪಿ ಮೋಡಿನಲ್ಲಿ (ಎನ್‌ಕೋಡ್ ಮಾಡದೆ ಇದ್ದ ಹಾಗೇ ನಕಲಿಸುವಂತೆ) ಓಡಿಸಿ, ಪ್ರತಿ ತುಂಡಿನ ಟೈಮ್‌ಸ್ಟ್ಯಾಂಪ್ ಸೊನ್ನೆಯಿಂದ ಶುರುವಾಗುವಂತೆ ಹೇಳಿದರೆ ಮುಗಿಯಿತು. ಮೊಬೈಲ್ ವಿಡಿಯೊ ಹಾಗಲ್ಲ. ಅಲ್ಲಿ ಕತ್ತರಿ ಕೀಫ್ರೇಮಿನಲ್ಲೇ (ಬೇರೆ ಫ್ರೇಮಿನ ನೆರವಿಲ್ಲದೆ ಪೂರ್ಣ ಚಿತ್ರವಿರುವ ಫ್ರೇಮಿನಲ್ಲೇ) ಬೀಳುತ್ತದೆ, ತುಂಡುಗಳ ಉದ್ದ ಹೆಚ್ಚುಕಮ್ಮಿ ಇರುತ್ತದೆ. ಅದರಿಂದ ತೊಂದರೆಯಿಲ್ಲ. ಓಪನ್ ಜಿಒಪಿ ಇರುವ ಫೈಲುಗಳದ್ದೇ ಕಾಟ: ಕೀಫ್ರೇಮಿನ ಆಸುಪಾಸಿನ ಕೆಲವು ಫ್ರೇಮುಗಳು ಹಿಂದಿನ ತುಂಡನ್ನು ನೆಚ್ಚಿಕೊಂಡಿರುವುದರಿಂದ ಕತ್ತರಿಸಿದ ಕಡೆ ಚಿತ್ರ ಒಡೆಯುತ್ತದೆ.

ಧ್ವನಿಯನ್ನು ತುಂಡು ಮಾಡಲೇಬೇಡಿ. ಧ್ವನಿಯನ್ನು ಕುಗ್ಗಿಸುವ ಎಎಸಿ ವಿಧಾನ 1,024 ಸ್ಯಾಂಪಲ್‌ಗಳ ಕಟ್ಟುಗಳಲ್ಲಿ ಕೆಲಸ ಮಾಡುತ್ತದೆ, 48 ಕಿಲೋಹರ್ಟ್ಸ್‌ನಲ್ಲಿ ಒಂದು ಕಟ್ಟು ಸುಮಾರು 21 ಮಿಲಿಸೆಕೆಂಡು. ತುಂಡಿನ ಉದ್ದ ಆ ಲೆಕ್ಕಕ್ಕೆ ಸರಿಹೊಂದದೆ ತುದಿಯಲ್ಲಿ ಮೌನ ಸೇರಿಕೊಳ್ಳುತ್ತದೆ. ಜೋಡಿಸಿದ ಮೇಲೆ ನಾದಸ್ವರದ ನಡುವೆ ನಿಮಿಷಕ್ಕೊಮ್ಮೆ ಟಕ್ ಎನ್ನುತ್ತದೆ. ಇಡೀ ಧ್ವನಿಯನ್ನು ಒಂದೇ ಯಂತ್ರದಲ್ಲಿ ಒಮ್ಮೆಗೇ ಎನ್‌ಕೋಡ್ ಮಾಡಿ, ಕೊನೆಯಲ್ಲಿ ಸೇರಿಸಿ. ಅದು ಬೇಗನೆ ಮುಗಿಯುವ ಕೆಲಸ.

ಫೋಲ್ಡರುಗಳು ಮೂರು: ಬಾಕಿ, ನಡೆಯುತ್ತಿದೆ, ಮುಗಿದಿದೆ. ಹೊಸ ಯಂತ್ರದ ಡಿಸ್ಕಿನಲ್ಲಿಟ್ಟು ಎನ್‌ಎಫ್‌ಎಸ್ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಹಳೆಯದಕ್ಕೆ ತೋರಿಸಿದ್ದೇನೆ. ತುಂಡನ್ನು ಎತ್ತಿಕೊಳ್ಳುವುದು ಎಂದರೆ ಬಾಕಿಯಿಂದ ‘ನಡೆಯುತ್ತಿದೆ’ಗೆ ಸರಿಸುವುದು. ಒಂದೇ ಡಿಸ್ಕಿನೊಳಗೆ ಹೆಸರು ಬದಲಿಸುವುದಾದ್ದರಿಂದ ಇಬ್ಬರೂ ಒಟ್ಟಿಗೆ ಕೈಹಾಕಿದರೂ ಒಬ್ಬರಿಗೇ ಸಿಗುತ್ತದೆ, ಇನ್ನೊಬ್ಬರಿಗೆ ಎರರ್ ಬರುತ್ತದೆ. ಎರರ್ ಬಂದವರು ಮುಂದಿನದಕ್ಕೆ ಹೋಗುವಂತೆ ಎರಡೂ ಯಂತ್ರಗಳಲ್ಲಿ ಓಡುವ ಸ್ಕ್ರಿಪ್ಟಿನಲ್ಲಿ ಬರೆದರೆ ಸಾಕು.

ಸ್ಕ್ರಿಪ್ಟು ಒಂದೇ ತುಂಡಿಗೆ ನಿಂತುಹೋದರೆ ಹೆಚ್ಚಿನಂಶ ಕಾರಣ ಇದು: ಲೂಪಿಗೆಂದು ಬರುತ್ತಿರುವ ಹೆಸರುಗಳ ಪಟ್ಟಿಯನ್ನು ಎಫ್‌ಎಫ್‌ಎಂಪೆಗ್ ತನ್ನ ಕೀಬೋರ್ಡ್ ಇನ್‌ಪುಟ್ ಎಂದುಕೊಂಡು ನುಂಗಿಬಿಡುತ್ತದೆ. ‘ನೋಸ್ಟ್‌ಡಿನ್’ ಆಯ್ಕೆ ಹಾಕಿ.

ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಎಂಬುದು) ನಿಗದಿ ಮಾಡಿ ಟೂ ಪಾಸ್, ಅಂದರೆ ಎರಡು ಸುತ್ತಿನ ಎನ್‌ಕೋಡಿಂಗ್, ಓಡಿಸಬೇಡಿ. ತುಂಡಿಗೆ ಇಷ್ಟು ಎಂದು ಸಮನಾಗಿ ಬಡಿಸಿದಂತಾಗುತ್ತದೆ. ಹೋಮದ ಹೊಗೆಯಿರುವ ತುಂಡಿಗೆ ಸಾಲದು, ಸುಮ್ಮನೆ ಕೂತವರ ತುಂಡಿಗೆ ದಂಡ. ಗಾತ್ರದ ಬದಲು ಗುಣಮಟ್ಟ ನಿಗದಿ ಮಾಡುವ ಸಿಆರ್‌ಎಫ್ ಆಯ್ಕೆ ಬಳಸಿ. ನನ್ನದು ಸಿಆರ್‌ಎಫ್ 18, ಎರಡೂ ಕಡೆ. ಎಕ್ಸ್264 (ಎಚ್.264 ಮಾಡಿಕೊಡುವ ಎನ್‌ಕೋಡರ್) ಆವೃತ್ತಿ, ಪ್ರೀಸೆಟ್, ಪ್ರೊಫೈಲ್ ಕೂಡ ಒಂದೇ ಇರಲಿ. ಹೊಸದರಲ್ಲಿ ಗ್ರಾಫಿಕ್ಸ್ ಕಾರ್ಡಿದೆಯಲ್ಲ ಎಂದು ಅದರ ಎನ್‌ಕೋಡರನ್ನು ಒಂದು ಕಡೆ ಮಾತ್ರ ಬಳಸಿದರೆ, ಎಂಪಿ4ರ ತಲೆಯಲ್ಲಿರುವ ಮಾಹಿತಿ ಒಂದು ಯಂತ್ರದ ತುಂಡುಗಳಿಗೆ ಹೊಂದುವುದಿಲ್ಲ, ಚಿತ್ರ ಬೂದುಬೂದಾಗಿ ಒಡೆಯುತ್ತದೆ. ಇನ್ನು ಇಂಟರ್‌ಲೇಸ್, ಅಂದರೆ ಒಂದು ಫ್ರೇಮನ್ನು ಒಂದು ಬಿಟ್ಟು ಒಂದು ಗೆರೆಗಳ ಎರಡು ಫೀಲ್ಡುಗಳಾಗಿ ಹಿಡಿಯುವುದು: ಪ್ಯಾಲ್ (ನಮ್ಮ ಕಡೆಯ 25 ಫ್ರೇಮಿನ ಪದ್ಧತಿ) ಡಿವಿಯಲ್ಲಿ ಕೆಳಗಿನ ಫೀಲ್ಡ್ ಮೊದಲು. ತಿರುಗಾಮುರುಗ ಮಾಡಿದರೆ ನಡೆಯುವವರು ಹಿಂದೆ ಮುಂದೆ ಜರ್ಕ್ ಹೊಡೆಯುತ್ತಾರೆ.

ನೆಟ್‌ವರ್ಕಿನ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಡಿವಿಗೆ ಸೆಕೆಂಡಿಗೆ ಸುಮಾರು 3.6 ಎಂಬಿ. ಹಳೆಯ ಯಂತ್ರ ಸೆಕೆಂಡಿಗೆ 20 ಫ್ರೇಮು ನುಂಗಿದರೆ ಅದಕ್ಕೆ ಬೇಕಾದ್ದು 3 ಎಂಬಿಗಿಂತ ಕಡಿಮೆ. 100 ಎಂಬಿಪಿಎಸ್ ಪೋರ್ಟೇ 11 ಎಂಬಿ ಸಾಗಿಸುತ್ತದೆ. ವೇಗಕ್ಕಿಂತ ನಿಲ್ಲದೆ ಹರಿಯುವುದು ಮುಖ್ಯ. ಅಕ್ಕಪಕ್ಕದ ಹತ್ತು ಮನೆಗಳ ವೈಫೈ ಕಿಕ್ಕಿರಿದ ಅಪಾರ್ಟ್‌ಮೆಂಟಿನಲ್ಲಿ ಅದನ್ನು ನೆಚ್ಚಬಾರದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡೂ ತುದಿಗೆ ಕನೆಕ್ಟರ್ ಹಾಕಿದ ಕ್ಯಾಟ್ 6 ಕೇಬಲ್ ಸಿಗುತ್ತದೆ, ಗೋಡೆಯಂಚಿನಲ್ಲಿ ಎಳೆದುಬಿಡಿ. ಗಿಗಾಬಿಟ್ ಇರಬೇಕಾದಲ್ಲಿ 100 ತೋರಿಸಿದರೆ ಎಂಟು ತಂತಿಗಳಲ್ಲಿ ಯಾವುದೋ ಸರಿಯಾಗಿ ಕೂತಿಲ್ಲ ಎಂದೇ ಮೊದಲು ಅನುಮಾನಿಸಿ.

ಕರೆಂಟ್ ಹೋಗುವುದು ಇಲ್ಲಿ ಲೆಕ್ಕದಲ್ಲಿ ಇರಲೇಬೇಕು. ಇನ್‌ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಹಾಕಿ. ಸಾಮಾನ್ಯ ಮೋಡಿನಲ್ಲಿ ಬದಲಾಗುವ ಆ ಕ್ಷಣಕ್ಕೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಕೇಬಲ್ ಸೇರುವ ನೆಟ್‌ವರ್ಕ್ ಸ್ವಿಚ್ ಮಾತ್ರ ಆರಿದರೆ ಭಯವಿಲ್ಲ, ಹಾರ್ಡ್ ಮೌಂಟ್ (ಸಂಪರ್ಕ ತಪ್ಪಿದರೆ ಕೈಬಿಡದೆ ಕಾಯುವಂತೆ) ಮಾಡಿದ ಎನ್‌ಎಫ್‌ಎಸ್ ಕಾದಿದ್ದು ಮುಂದುವರಿಯುತ್ತದೆ. ಅಪಾಯವಿರುವುದು ಅರ್ಧ ಬರೆದ ಫೈಲಿನಲ್ಲಿ. ಅರ್ಧ ಎಂಪಿ4 ತೆರೆಯುವುದೇ ಇಲ್ಲ, ಆದ್ದರಿಂದ ಗೊತ್ತಾಗುತ್ತದೆ. ಅರ್ಧ ಎಂಕೆವಿ ಮಾತ್ರ ಸಾಚಾ ಫೈಲಿನ ಹಾಗೆ ಪ್ಲೇ ಆಗುತ್ತದೆ! ಅದಕ್ಕೇ ಔಟ್‌ಪುಟ್ಟನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆಸಿ, ಎಫ್‌ಎಫ್‌ಎಂಪೆಗ್ ಸೊನ್ನೆ ಕೋಡಿನೊಂದಿಗೆ, ಅಂದರೆ ಎರರ್ ಇಲ್ಲದೆ, ಮುಗಿಸಿದರೆ ಮಾತ್ರ ‘ಮುಗಿದಿದೆ’ಗೆ ಸರಿಸಬೇಕು. ಯಂತ್ರ ಆರಿದಾಗ ‘ನಡೆಯುತ್ತಿದೆ’ಯಲ್ಲಿ ಉಳಿದದ್ದನ್ನು ಕೈಯಾರೆ ಬಾಕಿಗೆ ಹಾಕಿದರಾಯಿತು.

ಜೋಡಿಸುವ ಮೊದಲು, ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬಿನಿಂದ ಫ್ರೇಮು ಎಣಿಸಿ. ಪ್ರತಿ ಫೀಲ್ಡಿಗೂ ಒಂದು ಫ್ರೇಮು ಮಾಡಿಸಿದ್ದರೆ 1,500ರ ತುಂಡು 3,000 ಆಗಿರಬೇಕು. ತುಂಡುಗಳ ಹೆಸರಿನಲ್ಲಿ 001, 002 ಎಂದು ಮೂರಂಕಿ ಇರಲಿ, ಇಲ್ಲವಾದರೆ ಜೋಡಿಸುವ ಪಟ್ಟಿಯಲ್ಲಿ 2ಕ್ಕಿಂತ ಮುಂಚೆ 10 ಬಂದು ತಾಳಿ ಕಟ್ಟುವ ಮೊದಲೇ ಊಟದ ಪಂಕ್ತಿ ಕೂರುತ್ತದೆ.